ಜಾಲಪುಟದ ಪ್ರಥಮದರ್ಶನ: ವಿನ್ಯಾಸಸೂತ್ರಗಳ ಒಳಸೇರಿಕೆ

ಮೊಬೈಲಿನಲ್ಲಾಗಲಿ ಕಂಪ್ಯೂಟರಿನಲ್ಲಾಗಲಿ ಒಂದು ಜಾಲಪುಟವನ್ನು ತೆರೆಯಹೊರಟವರ ಕಣ್ಣಿಗೆ ಮೊಟ್ಟಮೊದಲು ಬೀಳುವುದು ಅನೇಕ ವೇಳೆ ಬರಿಯ ಬಿಳುಪು. ಸಂಪರ್ಕವು ಮಂದವಾಗಿರುವೆಡೆಗಳಲ್ಲಿ ಈ ಬಿಳುಪು ಎರಡು ಮೂರು ಸೆಕೆಂಡುಗಳವರೆಗೂ, ಕೆಲವೊಮ್ಮೆ ಅದನ್ನು ಮೀರಿಯೂ ನಿಲ್ಲುವುದುಂಟು. ಬರಹವು ಇನ್ನೂ ಬಂದು ಮುಟ್ಟಿಲ್ಲವೆಂದೇ ಆಗ ಓದುಗನು ಭಾವಿಸುತ್ತಾನೆ. ವಸ್ತುಸ್ಥಿತಿಯು ಅನೇಕ ಸಂದರ್ಭಗಳಲ್ಲಿ ಹಾಗಿರುವುದಿಲ್ಲ. ಅವನು ಓದಬಯಸಿದ ವಾಕ್ಯಗಳು ಆಗಲೇ ಅವನ ಕೈಯಲ್ಲಿರುವ ಉಪಕರಣದೊಳಕ್ಕೆ ಬಂದು ಸೇರಿರುತ್ತವೆ; ಅವನ್ನು ತೋರಿಸಬೇಕಾದ ಬ್ರೌಸರ್ ತಾನಾಗಿಯೇ ತಡೆದು ನಿಂತಿರುತ್ತದೆ. ಬಂದ ಬರಹವನ್ನು ಬ್ರೌಸರ್ ತಡೆಹಿಡಿಯುವುದೇಕೆ, ಆ ತಡೆಯನ್ನು ಕಳೆಯಲು ಬಳಕೆಗೆ ಬಂದ ಉಪಾಯ ಯಾವುದು, ಆ ಉಪಾಯವು ಎಲ್ಲಿಯವರೆಗೆ ಸಲ್ಲುತ್ತದೆ ಎಂಬೀ ವಿಚಾರಗಳನ್ನು ಇಲ್ಲಿ ಪರ್ಯಾಲೋಚಿಸಲಾಗುವುದು. ಹಳೆಯ ಕಾವ್ಯಗಳೂ ನಿಘಂಟುಗಳೂ ಪಾಠ್ಯಭಾಗಗಳೂ ಜಾಲಪುಟಗಳ ಮೂಲಕವೇ ವಿದ್ಯಾರ್ಥಿಗಳ ಕೈಸೇರುತ್ತಿರುವ ಈ ಕಾಲದಲ್ಲಿ ಇದು ಯಂತ್ರಜ್ಞರಿಗೆ ಮಾತ್ರ ಸೇರಿದ ವಿಷಯವಾಗಿ ಉಳಿದಿಲ್ಲ. ಬಿಳಿಯ ತೆರೆಯನ್ನು ಕಂಡು ಬೇಸತ್ತು ಪುಟವನ್ನು ಮುಚ್ಚಿದ ವಿದ್ಯಾರ್ಥಿಗೆ ಅದರೊಳಗಿದ್ದ ಕಾವ್ಯವು ಇದ್ದೂ ಇಲ್ಲದಂತೆಯೇ ಸರಿ.

ಜಾಲಪುಟವೊಂದರಲ್ಲಿ ಎರಡು ಅಂಶಗಳನ್ನು ಬೇರೆಬೇರೆಯಾಗಿ ಎಣಿಸಬೇಕು. ಮೊದಲನೆಯದು ಬರಹ: ಇದು ಶೀರ್ಷಿಕೆ, ಇದು ಪರಿಚ್ಛೇದ, ಇದು ಅಡಿಟಿಪ್ಪಣಿ ಎಂಬ ಗುರುತುಗಳಿಂದ ಕೂಡಿದ ಎಚ್‌ಟಿಎಂಎಲ್ ಕಡತ. ಎರಡನೆಯದು ಅದರ ತೋರಿಕೆ: ಶೀರ್ಷಿಕೆಯ ಅಕ್ಷರವು ಎಷ್ಟು ದೊಡ್ಡದಿರಬೇಕು, ಸಾಲುಗಳ ನಡುವೆ ಎಷ್ಟು ಎಡೆಯಿರಬೇಕು, ಟಿಪ್ಪಣಿಯು ಬಲಗಡೆಯೋ ಕೆಳಗಡೆಯೋ ಎಂಬ ವಿಧಿಗಳ ಸಂಗ್ರಹ. ಈ ಸಂಗ್ರಹವನ್ನು ಸಿಎಸ್‌ಎಸ್ ಎಂದು ಕರೆಯುತ್ತಾರೆ. ಅದರಲ್ಲಿನ ಒಂದೊಂದು ವಿಧಿಯನ್ನು ವಿನ್ಯಾಸಸೂತ್ರವೆನ್ನಬಹುದು. ಜಿನೀವಾ ನಗರದ ಸಮೀಪದ ಸರ್ನ್ ಪ್ರಯೋಗಶಾಲೆಯಲ್ಲಿದ್ದ ನಾರ್ವೆ ದೇಶದ ಹೋಕನ್ ವಿಯುಮ್ ಲೀ ಎಂಬವರು ಇದರ ಮೊದಲ ಸೂಚನೆಯನ್ನು ೧೯೯೪ರ ಅಕ್ಟೋಬರ್ ೧೦ರಂದು ಪ್ರಕಟಿಸಿದರು. ಹಾಲೆಂಡಿನ ಬರ್ಟ್ ಬಾಸ್ ಅವರೊಡನೆ ಸೇರಿ ಬೆಳೆಸಿದ ಈ ಕ್ರಮವನ್ನು ೧೯೯೬ರ ಡಿಸೆಂಬರ್ ತಿಂಗಳಿನಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಅಂಗೀಕರಿಸಿತು. ಬರಹವನ್ನೂ ತೋರಿಕೆಯನ್ನೂ ಬೇರ್ಪಡಿಸಿದುದರಿಂದ ಆದ ಲಾಭವು ಸ್ಪಷ್ಟವಾದುದು. ಸಾವಿರ ಪುಟಗಳಿಗೆ ಒಂದೇ ವಿನ್ಯಾಸದ ಕಡತವು ಸಾಕಾಗುತ್ತದೆ. ಅದನ್ನೊಂದನ್ನು ತಿದ್ದಿದರೆ ಸಾವಿರ ಪುಟಗಳೂ ತಿದ್ದಿದಂತಾಗುತ್ತವೆ. ಪ್ರಕೃತ ಚರ್ಚಿಸಬೇಕಾಗಿರುವ ತೊಂದರೆಯು ಹುಟ್ಟಿದುದೂ ಈ ಬೇರ್ಪಾಡಿನಿಂದಲೇ.

ಸಿಎಸ್‌ಎಸ್ ಎಂಬ ಹೆಸರಿನ ಮೊದಲಕ್ಷರವು ಕ್ಯಾಸ್ಕೇಡಿಂಗ್ ಎಂಬ ಶಬ್ದವನ್ನು ಸೂಚಿಸುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿದುಬೀಳುವ ನೀರಿನಂತೆ ಎಂದು ಅದರ ಅರ್ಥ. ಒಂದೇ ಪರಿಚ್ಛೇದಕ್ಕೆ ಹಲವು ಸೂತ್ರಗಳು ಅನ್ವಯಿಸಬಹುದು. ಅವು ಪರಸ್ಪರ ವಿರುದ್ಧವೂ ಆಗಿರಬಹುದು. ಆಗ ಯಾವುದು ಗೆಲ್ಲಬೇಕೆಂಬುದಕ್ಕೆ ನಿಯಮವುಂಟು. ಸಾಮಾನ್ಯಸೂತ್ರಕ್ಕಿಂತ ವಿಶೇಷಸೂತ್ರಕ್ಕೆ ಬಲ ಹೆಚ್ಚು. ಎರಡೂ ಸಮಬಲವಾದಲ್ಲಿ ಆಮೇಲೆ ಬಂದ ಸೂತ್ರವೇ ನಿಲ್ಲುತ್ತದೆ. ವ್ಯಾಕರಣಶಾಸ್ತ್ರವನ್ನು ಬಲ್ಲವರಿಗೆ ಈ ವ್ಯವಸ್ಥೆಯು ಹೊಸದಾಗಿ ತೋರದು. ಸಮಬಲದ ಎರಡು ಸೂತ್ರಗಳಿಗೆ ವಿರೋಧ ಬಂದಾಗ ಪರಸೂತ್ರದ ಕಾರ್ಯವೇ ನಡೆಯತಕ್ಕದ್ದೆಂದು ಪಾಣಿನಿಯು ವಿಧಿಸಿರುವುದೂ, ಪರತ್ವಕ್ಕಿಂತ ಅಪವಾದಕ್ಕೆ ಬಲ ಹೆಚ್ಚೆಂದು ವೈಯಾಕರಣರು ನಿರ್ಣಯಿಸಿರುವುದೂ ಸುವಿದಿತ. ಇವೆರಡಕ್ಕೂ ಚಾರಿತ್ರಿಕ ಸಂಬಂಧವನ್ನು ಕಲ್ಪಿಸುವುದು ಸಲ್ಲದು. ಸಾದೃಶ್ಯವು ಅರ್ಥಗ್ರಹಣಕ್ಕೆ ಉಪಕಾರಿಯೆಂಬಷ್ಟೇ ಇಲ್ಲಿಯ ತಾತ್ಪರ್ಯ.

ಈ ಸಾದೃಶ್ಯದಿಂದಲೇ ಬ್ರೌಸರಿನ ಮೌನಕ್ಕೂ ಕಾರಣವು ಗೊತ್ತಾಗುತ್ತದೆ. ಬರಹವನ್ನು ಬಂದಷ್ಟು ಬಂದಂತೆಯೇ ತೋರಿಸಬಹುದು. ಮೊದಲ ಪರಿಚ್ಛೇದವನ್ನು ತೋರಿಸಲು ಕೊನೆಯ ಪರಿಚ್ಛೇದ ಬರಬೇಕೆಂದೇನೂ ಇಲ್ಲ. ವಿನ್ಯಾಸಸೂತ್ರಗಳ ಸ್ಥಿತಿ ಹಾಗಲ್ಲ. ಕಡತದ ಹತ್ತನೆಯ ಸಾಲಿನಲ್ಲಿ ಕಪ್ಪೆಂದು ಹೇಳಿದ ಬಣ್ಣವನ್ನು ಸಾವಿರದ ಸಾಲು ಕೆಂಪೆನ್ನಬಹುದು. ಕಾಣಿಸೆಂದ ಭಾಗವನ್ನು ಮರೆಮಾಡೆನ್ನಬಹುದು. ಸೂತ್ರಪಾಠದ ಕೊನೆಯನ್ನು ಕಾಣದೆ ಯಾವ ರೂಪವೂ ಸಿದ್ಧವೆನ್ನಲಾಗದು. ಆದುದರಿಂದ ಬ್ರೌಸರ್ ಬರಹದಿಂದ ಒಂದು ವೃಕ್ಷವನ್ನೂ, ವಿನ್ಯಾಸಸೂತ್ರಗಳಿಂದ ಇನ್ನೊಂದು ವೃಕ್ಷವನ್ನೂ ರಚಿಸಿಕೊಂಡು, ಎರಡನ್ನೂ ಕೂಡಿಸಿ, ಅನಂತರ ಸ್ಥಾನಗಳನ್ನು ಲೆಕ್ಕಹಾಕಿ, ಕಟ್ಟಕಡೆಗೆ ತೆರೆಯ ಮೇಲೆ ಬರೆಯುತ್ತದೆ. ಎರಡನೆಯ ವೃಕ್ಷವು ಪೂರ್ಣವಾಗುವವರೆಗೆ ಮೊದಲನೆಯದು ಕಾಯುತ್ತಿರಬೇಕು. ಕಾಯದೆ ತೋರಿಸಿದ್ದಾದರೆ ಪುಟವು ಮೊದಲು ವಿಕಾರವಾಗಿ ಕಾಣಿಸಿಕೊಂಡು ಕ್ಷಣದಲ್ಲೇ ಚದುರಿ ಬೇರೊಂದು ರೂಪವನ್ನು ತಾಳುತ್ತಿತ್ತು. ವಿಕಾರಕ್ಕಿಂತ ಬಿಳುಪೇ ಲೇಸೆಂದು ಬ್ರೌಸರುಗಳನ್ನು ರಚಿಸಿದವರು ತೀರ್ಮಾನಿಸಿದಂತಿದೆ.

ಹಾಗಾದರೆ ವಿನ್ಯಾಸದ ಕಡತವು ತಡವಾಗುವುದೇಕೆ? ಅದರ ಗಾತ್ರವೇ ಕಾರಣವೆಂದು ಸಾಮಾನ್ಯವಾಗಿ ಊಹಿಸುತ್ತಾರೆ. ಗಾತ್ರಕ್ಕಿಂತ ಮುಖ್ಯವಾದುದು ಯಾತಾಯಾತಗಳ ಸಂಖ್ಯೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨,೦೦,೦೦೦ ಕಿಲೋಮೀಟರ್ ವೇಗದಿಂದ ಹರಿಯುತ್ತದೆ. ೧೦,೦೦೦ ಕಿಲೋಮೀಟರ್ ದೂರದಲ್ಲಿರುವ ಸರ್ವರಿನವರೆಗೆ ಹೋಗಿ ಹಿಂದಿರುಗಲು ೧೦೦ ಮಿಲಿಸೆಕೆಂಡುಗಳು ಬೇಕೇಬೇಕು. ಮೊಬೈಲ್ ಗೋಪುರಗಳ ಮೂಲಕ ಹಾದುಹೋಗುವಾಗ ಇದು ಇನ್ನೂ ಬೆಳೆಯುತ್ತದೆ. ತಂತಿಯನ್ನು ಎಷ್ಟೇ ಅಗಲಮಾಡಿದರೂ ಈ ಕಾಲವು ಕುಗ್ಗುವುದಿಲ್ಲ. ಹೆದ್ದಾರಿಯನ್ನು ಅಗಲಿಸಿದರೆ ಊರು ಹತ್ತಿರವಾಗುವುದಿಲ್ಲವಷ್ಟೆ. ಒಂದು ಪುಟವನ್ನು ಕೇಳುವುದಕ್ಕೆ ಮೊದಲು ಸರ್ವರಿನ ವಿಳಾಸವನ್ನು ವಿಚಾರಿಸಲು ಒಂದು ಯಾತಾಯಾತ, ಅದರೊಡನೆ ಸಂಪರ್ಕವನ್ನು ಸ್ಥಾಪಿಸಲು ಇನ್ನೊಂದು, ಗೂಢಲಿಪಿಯ ಒಪ್ಪಂದಕ್ಕೆ ಮತ್ತೊಂದು, ಪುಟವನ್ನು ಕೇಳಿ ಪಡೆಯಲು ನಾಲ್ಕನೆಯದು. ಹೀಗೆ ಬರಹವು ಬಂದ ಮೇಲೆ, ಅದರ ತಲೆಯಲ್ಲಿ ವಿನ್ಯಾಸದ ಕಡತಕ್ಕೆ ಒಂದು ಕೊಂಡಿಯು ಕಂಡರೆ ಐದನೆಯ ಯಾತಾಯಾತವು ಆರಂಭವಾಗುತ್ತದೆ. ಆ ಕಡತವು ಬೇರೊಂದು ಸರ್ವರಿನಲ್ಲಿದ್ದರಂತೂ ವಿಳಾಸವಿಚಾರಣೆಯಿಂದ ತೊಡಗಿ ಮತ್ತೆ ನಾಲ್ಕು.

೨೦೧೩ರಲ್ಲಿ ಗೂಗಲ್ ಸಂಸ್ಥೆಯು ಮೊಬೈಲ್ ಪುಟಗಳಿಗಾಗಿ ಹೊರಡಿಸಿದ ಸೂಚನೆಗಳಲ್ಲಿ ಈ ಲೆಕ್ಕವು ಸ್ಪಷ್ಟವಾಗಿ ಕಾಣಬರುತ್ತದೆ. ಪುಟದ ಮೇಲ್ಭಾಗವು ಒಂದು ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕೆಂಬುದು ಅಲ್ಲಿಯ ಗುರಿ. ಮೂರನೆಯ ತಲೆಮಾರಿನ ಮೊಬೈಲ್ ಸಂಪರ್ಕದಲ್ಲಿ ಒಂದು ಯಾತಾಯಾತಕ್ಕೆ ೨೦೦ ಮಿಲಿಸೆಕೆಂಡುಗಳೆಂದು ಹಿಡಿದರೆ ವಿಳಾಸ, ಸಂಪರ್ಕ, ಬೇಡಿಕೆ ಎಂಬ ಮೂರಕ್ಕೆ ೬೦೦ ಕಳೆಯುತ್ತದೆ. ಸರ್ವರಿನ ಕೆಲಸಕ್ಕೆ ೨೦೦. ಬ್ರೌಸರಿಗೆ ಉಳಿಯುವುದು ೨೦೦ ಮಾತ್ರ. ವಿನ್ಯಾಸದ ಕಡತಕ್ಕಾಗಿ ಇನ್ನೊಂದು ಸಲ ಹೋಗಿಬಂದರೆ ಆ ೨೦೦ ಕೂಡ ಮುಗಿಯಿತು. ಗೂಢಲಿಪಿಯ ಒಪ್ಪಂದವನ್ನು ಆ ಲೆಕ್ಕದಲ್ಲಿ ಸೇರಿಸಿರಲಿಲ್ಲ. ಬಹುತೇಕ ಎಲ್ಲ ಪುಟಗಳೂ ಗೂಢಲಿಪಿಯಲ್ಲೇ ಬರುತ್ತಿರುವ ಈಗಿನ ಪದ್ಧತಿಯಲ್ಲಿ ಅದನ್ನೂ ಸೇರಿಸಬೇಕಾಗುತ್ತದೆ. ಹೆಚ್ಚಿನ ಒಂದೇ ಒಂದು ಪ್ರಯಾಣಕ್ಕೂ ಅವಕಾಶವಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ಈ ಇಕ್ಕಟ್ಟಿನಿಂದ ಹುಟ್ಟಿದ ಉಪಾಯವು ಬಹು ಸರಳವಾದುದು. ವಿನ್ಯಾಸಸೂತ್ರಗಳನ್ನು ಬೇರೆ ಕಡತದಲ್ಲಿಟ್ಟು ಕೊಂಡಿಯನ್ನು ಕೊಡುವುದಕ್ಕೆ ಬದಲಾಗಿ, ಪುಟವು ತೆರೆದೊಡನೆ ಕಣ್ಣಿಗೆ ಬೀಳುವ ಭಾಗಕ್ಕೆ ಬೇಕಾದಷ್ಟು ಸೂತ್ರಗಳನ್ನು ಮಾತ್ರ ಆರಿಸಿ, ಅವನ್ನು ಬರಹದ ಕಡತದ ತಲೆಯಲ್ಲೇ ಬರೆದುಬಿಡುವುದು. ಇದನ್ನೇ ಇನ್‌ಲೈನ್ ಮಾಡುವುದೆನ್ನುತ್ತಾರೆ, ಒಳಸೇರಿಕೆಯೆಂದರೂ ಸಲ್ಲುತ್ತದೆ. ಬರಹವೂ ಅದಕ್ಕೆ ಬೇಕಾದ ಸೂತ್ರಗಳೂ ಒಂದೇ ಯಾತಾಯಾತದಲ್ಲಿ ಕೈಸೇರುವುದರಿಂದ ಬ್ರೌಸರಿಗೆ ಕಾಯುವ ಕಾರಣವುಳಿಯದು. ಮಿಕ್ಕ ಸೂತ್ರಗಳ ಕಡತವು ತೋರಿಕೆಯನ್ನು ತಡೆಯದಂತೆ ಹಿಂದಿನಿಂದ ಬರುತ್ತದೆ. ಅದನ್ನು ಹಾಗೆ ಹಿಂದಿನಿಂದ ತರಿಸುವುದಕ್ಕೆ ಒಂದು ಚಿಕ್ಕ ಕಪಟವನ್ನು ಹೂಡುವುದುಂಟು. ಕಾಗದದ ಮೇಲೆ ಮುದ್ರಿಸಲು ಮಾತ್ರ ಬೇಕಾದ ಸೂತ್ರಗಳಿಗಾಗಿ ಬ್ರೌಸರ್ ಕಾಯುವುದಿಲ್ಲ. ಆದುದರಿಂದ ಕೊಂಡಿಗೆ ಇದು ಮುದ್ರಣಕ್ಕೆಂದು ಹುಸಿಗುರುತನ್ನು ಹಾಕಿ, ಕಡತವು ಬಂದು ಮುಟ್ಟಿದೊಡನೆ ಆ ಗುರುತನ್ನು ಸರ್ವಕ್ಕೂ ಎಂದು ತಿದ್ದಿಬಿಡುವುದು. ಫಿಲಮೆಂಟ್ ಗ್ರೂಪ್ ಎಂಬ ಸಂಸ್ಥೆಯವರು ೨೦೧೯ರಲ್ಲಿ ಈ ವಿಧಾನವನ್ನು ವಿವರಿಸಿದರು. ಶಾಸ್ತ್ರಶುದ್ಧವೆಂದು ಹೇಳಲಾಗದಿದ್ದರೂ ಇದು ನಡೆಯುತ್ತಿದೆ.

ಒಳಸೇರಿಸುವ ಸೂತ್ರಗಳಿಗೆ ಕ್ರಿಟಿಕಲ್ ಸಿಎಸ್‌ಎಸ್ ಎಂಬ ಹೆಸರು ರೂಢಿಯಲ್ಲಿದೆ. ಸಾಹಿತ್ಯದ ಅಧ್ಯಾಪಕರಿಗೆ ಈ ಶಬ್ದವು ವಿಮರ್ಶೆಯನ್ನು ನೆನಪಿಗೆ ತರುವುದು ಸ್ವಾಭಾವಿಕ. ಇಲ್ಲಿ ಅದರ ಅರ್ಥವು ನಿರ್ಣಾಯಕ, ಅನಿವಾರ್ಯ ಎಂದಿಷ್ಟೇ. ಪುಟದ ಮೇಲ್ಭಾಗವನ್ನು ಹೇಳುವುದಕ್ಕೆ ಬಳಸುವ ಇಂಗ್ಲಿಷ್ ನುಡಿಯಾದರೋ ಮಡಿಕೆಯ ಮೇಲುಗಡೆ ಎಂಬರ್ಥದ್ದು. ವೃತ್ತಪತ್ರಿಕೆಯನ್ನು ಅಡ್ಡಲಾಗಿ ಮಡಿಸಿ ಅಂಗಡಿಯಲ್ಲಿಟ್ಟಾಗ ದಾರಿಹೋಕರಿಗೆ ಕಾಣುವ ಅರ್ಧಭಾಗವು ಅದು. ಮುಖ್ಯ ಸುದ್ದಿಯು ಅಲ್ಲಿರಬೇಕೆಂಬುದು ಪತ್ರಿಕೆಯವರ ಹಳೆಯ ಪಾಠ. ಆ ನುಡಿಯು ಕಾಗದವನ್ನು ಬಿಟ್ಟು ಗಾಜಿನ ತೆರೆಗೆ ಬಂದಿದೆ. ೨೦೧೪ರ ಸುಮಾರಿನಲ್ಲಿ ಈ ಒಳಸೇರಿಕೆಯ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ಅನುಸರಿಸಿದವರಲ್ಲಿ ಲಂಡನ್ನಿನ ಗಾರ್ಡಿಯನ್ ಪತ್ರಿಕೆಯೂ ಒಂದೆಂಬುದು ಇಲ್ಲಿ ಸ್ಮರಣೀಯ. ಅವರು ತಲೆಭಾಗದ ಸೂತ್ರಗಳನ್ನು ಬರಹದಲ್ಲೇ ಸೇರಿಸಿ, ಮಿಕ್ಕವನ್ನು ಓದುಗನ ಬ್ರೌಸರಿನ ಉಗ್ರಾಣದಲ್ಲಿ ಇಟ್ಟುಕೊಳ್ಳುತ್ತಿದ್ದರು.

ಎಷ್ಟನ್ನು ಒಳಸೇರಿಸಬಹುದೆಂಬ ಪ್ರಶ್ನೆಗೆ ಉತ್ತರವು ಅನಿರೀಕ್ಷಿತವಾದ ಒಂದು ಚರಿತ್ರೆಯಲ್ಲಿದೆ. ೧೯೮೬ರ ಅಕ್ಟೋಬರ್ ತಿಂಗಳಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಶಾಲೆಗೂ, ಅಲ್ಲಿಂದ ಕೇವಲ ೪೦೦ ಗಜ ದೂರದಲ್ಲಿದ್ದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯಕ್ಕೂ ನಡುವಣ ಸಂಪರ್ಕದ ವೇಗವು ಸೆಕೆಂಡಿಗೆ ೩೨,೦೦೦ ಬಿಟ್‌ಗಳಿಂದ ೪೦ ಬಿಟ್‌ಗಳಿಗೆ ಕುಸಿದುಬಿಟ್ಟಿತು. ಎಲ್ಲರೂ ಏಕಕಾಲದಲ್ಲಿ ಕಳುಹಿಸಿ, ಕಳೆದುಹೋದುದನ್ನು ಮತ್ತೆ ಮತ್ತೆ ಕಳುಹಿಸಿ, ದಾರಿಯನ್ನೇ ಮುಚ್ಚಿಬಿಟ್ಟಿದ್ದರು. ಇದರ ಕಾರಣವನ್ನು ಶೋಧಿಸಿದ ವ್ಯಾನ್ ಜೇಕಬ್‌ಸನ್ ಅವರು ೧೯೮೮ರಲ್ಲಿ ಪ್ರಕಟಿಸಿದ ಲೇಖನದಲ್ಲಿ ನಿಧಾನಾರಂಭದ ನಿಯಮವನ್ನು ಸೂಚಿಸಿದರು. ಸರ್ವರ್ ಮೊದಲು ಕೆಲವೇ ಪೊಟ್ಟಣಗಳನ್ನು ಕಳುಹಿಸಬೇಕು. ಮುಟ್ಟಿತೆಂಬ ಉತ್ತರ ಬಂದರೆ ಮುಂದಿನ ಸರದಿಯಲ್ಲಿ ಇಮ್ಮಡಿ, ಅನಂತರ ಅದರ ಇಮ್ಮಡಿ. ಮೊದಲ ಸರದಿಯ ಮಿತಿಯು ಬಹುಕಾಲ ನಾಲ್ಕು ಪೊಟ್ಟಣಗಳನ್ನು ಮೀರಿರಲಿಲ್ಲ. ೨೦೧೩ರಲ್ಲಿ ಪ್ರಕಟವಾದ ೬೯೨೮ನೆಯ ಆರ್‌ಎಫ್‌ಸಿ ಲೇಖ್ಯವು ಅದನ್ನು ಹತ್ತಕ್ಕೆ ಏರಿಸಿತು. ೧,೫೦೦ ಬೈಟ್‌ಗಳ ಪೊಟ್ಟಣದಲ್ಲಿ ವಿಳಾಸಾದಿಗಳಿಗೆ ೪೦ ಕಳೆದರೆ ಸರಕಿಗೆ ಉಳಿಯುವುದು ೧,೪೬೦. ಹತ್ತು ಪೊಟ್ಟಣಗಳಿಗೆ ೧೪,೬೦೦. ಯಂತ್ರಜ್ಞರು ಪದೇ ಪದೇ ಹೇಳುವ ಹದಿನಾಲ್ಕು ಕಿಲೋಬೈಟುಗಳ ಮಿತಿಯು ಬಂದುದು ಹೀಗೆ. ಬರಹದ ಮೊದಲ ಭಾಗವೂ ಒಳಸೇರಿಸಿದ ಸೂತ್ರಗಳೂ ಈ ಮೊದಲ ಸರದಿಯೊಳಗೆ ಅಡಗಿದರೆ ಉಪಾಯವು ಪೂರ್ಣಫಲವನ್ನು ಕೊಡುತ್ತದೆ. ಅತ್ಯುತ್ಸಾಹದಿಂದ ಎಲ್ಲ ಸೂತ್ರಗಳನ್ನೂ ತುಂಬಿದರೆ ಬರಹವೇ ಎರಡನೆಯ ಮೂರನೆಯ ಸರದಿಗೆ ತಳ್ಳಲ್ಪಟ್ಟು, ಉಳಿಸಬೇಕೆಂದಿದ್ದ ಯಾತಾಯಾತವು ಬೇರೊಂದು ಬಾಗಿಲಿನಿಂದ ಒಳಹೊಗುತ್ತದೆ.

ಈ ಉಪಾಯವು ಹಿಂದಿನ ಒಂದು ಪ್ರಸಿದ್ಧ ಉಪದೇಶಕ್ಕೆ ನೇರವಾಗಿ ವಿರುದ್ಧವೆಂಬುದು ಕುತೂಹಲಕರವಾದ ಸಂಗತಿ. ಯಾಹೂ ಸಂಸ್ಥೆಯಲ್ಲಿದ್ದ ಸ್ಟೀವ್ ಸೌಡರ್ಸ್ ಅವರು ೨೦೦೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪುಟಗಳ ವೇಗಕ್ಕೆ ಹದಿನಾಲ್ಕು ನಿಯಮಗಳನ್ನು ಕೊಟ್ಟಿದ್ದಾರೆ. ವಿನ್ಯಾಸಸೂತ್ರಗಳನ್ನು ಪುಟದ ಹೊರಗೆ ಬೇರೆ ಕಡತದಲ್ಲಿಡತಕ್ಕದ್ದೆಂಬುದು ಅವುಗಳಲ್ಲೊಂದು. ಅವರ ಯುಕ್ತಿಯು ದುರ್ಬಲವಾದುದಲ್ಲ. ಹೊರಗಿನ ಕಡತವನ್ನು ಬ್ರೌಸರ್ ಒಮ್ಮೆ ತಂದಿಟ್ಟುಕೊಂಡರೆ ಎರಡನೆಯ ಪುಟಕ್ಕೂ ಹತ್ತನೆಯ ಪುಟಕ್ಕೂ ಅದೇ ಸಾಕು. ಒಳಸೇರಿಸಿದ ಸೂತ್ರಗಳಾದರೋ ಪ್ರತಿ ಪುಟದೊಡನೆಯೂ ಮತ್ತೆ ಮತ್ತೆ ಹರಿದುಬರಬೇಕು. ಆ ಉಪದೇಶವನ್ನು ಮಾತ್ರ ಕಂಠಪಾಠ ಮಾಡಿದವರು ಗ್ರಂಥವನ್ನು ಪೂರ್ತಿಯಾಗಿ ಓದಿದಂತೆ ತೋರುವುದಿಲ್ಲ. ಮೊದಲ ಭೇಟಿಯ ಮಟ್ಟಿಗೆ ಒಳಸೇರಿಕೆಯೇ ಶೀಘ್ರತರವೆಂದು ಸೌಡರ್ಸ್ ಅವರೂ ಒಪ್ಪಿದ್ದಾರೆ. ಮುಖಪುಟಗಳಿಗೆ ಅಪವಾದವನ್ನೂ ಹೇಳಿದ್ದಾರೆ. ಓದುಗನು ಹೊಸಬನೋ ಹಳಬನೋ ಎಂಬುದನ್ನು ಕುಕಿ ಎಂಬ ಚಿಕ್ಕ ಗುರುತಿನಿಂದ ತಿಳಿದು, ಹೊಸಬನಿಗೆ ಸೂತ್ರಗಳನ್ನು ಒಳಸೇರಿಸಿಯೂ ಹಳಬನಿಗೆ ಕೊಂಡಿಯನ್ನು ಮಾತ್ರ ಕೊಟ್ಟೂ ಕಳುಹಿಸುವ ಮಧ್ಯಮಮಾರ್ಗವು ಆ ಗ್ರಂಥದಲ್ಲೇ ಇದೆ. ೨೦೦೭ಕ್ಕೂ ೨೦೧೩ಕ್ಕೂ ನಡುವೆ ಬದಲಾದುದು ತತ್ತ್ವವಲ್ಲ, ಓದುಗನ ಸ್ಥಿತಿ. ಮೇಜಿನ ಮುಂದೆ ಕುಳಿತು ಒಂದೇ ತಾಣದ ಹಲವು ಪುಟಗಳನ್ನು ಓದುತ್ತಿದ್ದವನ ಸ್ಥಾನದಲ್ಲಿ, ಶೋಧಯಂತ್ರದಿಂದಲೋ ಗೆಳೆಯನು ಕಳುಹಿಸಿದ ಕೊಂಡಿಯಿಂದಲೋ ಬಂದು ಒಂದೇ ಪುಟವನ್ನು ನೋಡಿ ಹೊರಡುವ ಮೊಬೈಲ್ ಓದುಗನು ಬಂದನು.

ನಿರ್ಣಾಯಕ ಸೂತ್ರಗಳನ್ನು ಆರಿಸುವುದೂ ಸುಲಭವಲ್ಲ. ಇದಕ್ಕೆ ಪೆಂಟ್‌ಹೌಸ್, ಕ್ರಿಟಿಕಲ್ ಮೊದಲಾದ ಸಾಧನಗಳಿವೆ. ಇವು ಪುಟವನ್ನು ಕಣ್ಣಿಗೆ ಕಾಣದ ಬ್ರೌಸರಿನಲ್ಲಿ ತೆರೆದು, ಗೊತ್ತುಮಾಡಿದ ಅಳತೆಯ ಚೌಕಟ್ಟಿನೊಳಗೆ ಬೀಳುವ ಅಂಶಗಳನ್ನು ಗುರುತಿಸಿ, ಅವಕ್ಕೆ ತಗಲುವ ಸೂತ್ರಗಳನ್ನು ಹೆಕ್ಕುತ್ತವೆ. ಬೇರೆ ಅಳತೆಯನ್ನು ಹೇಳದಿದ್ದರೆ ಇವು ಹಿಡಿಯುವ ಚೌಕಟ್ಟು ೧,೩೦೦ ಚುಕ್ಕೆಗಳ ಅಗಲ, ೯೦೦ ಚುಕ್ಕೆಗಳ ಎತ್ತರ. ಅಂದರೆ ಮೇಜಿನ ಮೇಲಣ ಕಂಪ್ಯೂಟರಿನದು. ಅಂಗೈಯಗಲದ ತೆರೆಯುಳ್ಳವನಿಗೆ ಉಪಕಾರ ಮಾಡಲು ಹೊರಟು ಮೇಜಿನ ತೆರೆಯ ಅಳತೆಯಿಂದ ಸೂತ್ರಗಳನ್ನು ಆರಿಸುವುದು ಎಂಥ ವಿಪರ್ಯಾಸವೆಂಬುದನ್ನು ವಿಸ್ತರಿಸಬೇಕಾಗಿಲ್ಲ. ಹಲವು ಅಳತೆಗಳಲ್ಲಿ ಪರೀಕ್ಷಿಸಿ ಎಲ್ಲವನ್ನೂ ಕೂಡಿಸಿಕೊಳ್ಳುವುದೊಂದೇ ದಾರಿ.

ಸೂತ್ರಗಳ ಕ್ರಮಕ್ಕೆ ಸಂಬಂಧಿಸಿದ ಇನ್ನೊಂದು ಅಪಾಯವು ಮೇಲೆ ಹೇಳಿದ ಪರಬಲದ ನಿಯಮದಿಂದ ಬರುತ್ತದೆ. ಮೂಲದ ಕಡತದಲ್ಲಿ ಟಿಪ್ಪಣಿಯ ಬಣ್ಣವು ಕಪ್ಪೆಂದು ಮೊದಲೂ ಬೂದೆಂದು ಆಮೇಲೂ ಹೇಳಿದೆಯೆನ್ನೋಣ, ಎರಡೂ ಸಮಬಲದವು. ಆಮೇಲಿನದು ಗೆದ್ದು ಟಿಪ್ಪಣಿಯು ಬೂದಾಗಿ ಕಾಣುತ್ತಿತ್ತು. ಎರಡನೆಯ ಸೂತ್ರವನ್ನು ಮಾತ್ರ ಆರಿಸಿ ಒಳಸೇರಿಸಿ, ಪುನರುಕ್ತಿಯಾಗದಿರಲೆಂದು ಮೂಲದಿಂದ ಅದನ್ನು ತೆಗೆದುಹಾಕಿದರೆ, ಪರವಾಗಿದ್ದುದು ಪೂರ್ವವಾಗುತ್ತದೆ. ಮಿಕ್ಕ ಕಡತವು ಬಂದು ಸೇರಿದೊಡನೆ ಟಿಪ್ಪಣಿಯು ಓದುಗನ ಕಣ್ಣೆದುರಿಗೇ ಕಪ್ಪಾಗಿ ತಿರುಗುತ್ತದೆ. ಅಷ್ಟಾಧ್ಯಾಯಿಯ ಕೊನೆಯ ಪಾದಗಳನ್ನು ಕಿತ್ತು ಮೊದಲಿಗೆ ಹೊಲಿದರೆ ರೂಪಸಿದ್ಧಿಯು ಏನಾದೀತೆಂಬುದನ್ನು ಊಹಿಸಿಕೊಳ್ಳಬಹುದು. ಪುನರುಕ್ತಿಯನ್ನು ಸಹಿಸಿಕೊಂಡು ಹೊರಗಿನ ಕಡತವನ್ನು ಅಖಂಡವಾಗಿ ಉಳಿಸುವುದೇ ಕ್ಷೇಮ. ಇದಲ್ಲದೆ ಭದ್ರತೆಗಾಗಿ ಒಳಸೇರಿಸಿದ ಸೂತ್ರಗಳನ್ನು ಒಪ್ಪದಂತೆ ಬ್ರೌಸರಿಗೆ ವಿಧಿಸಿರುವ ತಾಣಗಳೂ ಉಂಟು. ಅಂಥಲ್ಲಿ ಪ್ರತ್ಯೇಕ ಅನುಮತಿಯನ್ನು ಬರೆಯಬೇಕಾಗುತ್ತದೆ.

ಕನ್ನಡದ ಪುಟಗಳ ಮಟ್ಟಿಗೆ ಈ ಲೆಕ್ಕವನ್ನು ಬೇರೆಯಾಗಿಯೇ ಹಾಕಬೇಕಾಗಿದೆ. ೧೯೯೧ರ ಮೊದಲನೆಯ ಆವೃತ್ತಿಯಿಂದಲೂ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನವಿದೆ. ಜಾಲದಲ್ಲಿ ಬಳಕೆಯಾಗುವ ಯುಟಿಎಫ್-೮ ಎಂಬ ಕ್ರಮವನ್ನು ಕೆನ್ ಥಾಂಪ್ಸನ್, ರಾಬ್ ಪೈಕ್ ಎಂಬಿಬ್ಬರು ೧೯೯೨ರಲ್ಲಿ ರೂಪಿಸಿದರು. ಈ ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೇಕು. ವ್ಯಂಜನ, ಸ್ವರಚಿಹ್ನೆ, ವಿರಾಮಚಿಹ್ನೆಗಳೆಲ್ಲವೂ ಬೇರೆಬೇರೆ ಸಂಕೇತಗಳಾದ ಕಾರಣ, ಕಣ್ಣಿಗೆ ಮೂರೇ ಅಕ್ಷರವಾಗಿ ಕಾಣುವ ‘ಕನ್ನಡ’ ಎಂಬ ಶಬ್ದದಲ್ಲಿ ಐದು ಸಂಕೇತಗಳೂ ಹದಿನೈದು ಬೈಟುಗಳೂ ಇವೆ. ‘ಸಾಹಿತ್ಯ’ ಎಂಬಲ್ಲಿ ಏಳು ಸಂಕೇತಗಳು, ಇಪ್ಪತ್ತೊಂದು ಬೈಟುಗಳು. ೧೪,೬೦೦ ಬೈಟುಗಳ ಮೊದಲ ಸರದಿಯಲ್ಲಿ ಕನ್ನಡದ ಸಂಕೇತಗಳು ಐದು ಸಾವಿರವೂ ಹಿಡಿಯುವುದಿಲ್ಲ. ಆದರೆ ಇದರಿಂದ ಕನ್ನಡವು ಮೂರು ಪಟ್ಟು ಭಾರವೆಂದು ನಿರ್ಣಯಿಸುವುದು ಅವಸರವಾದೀತು. ಪುಟಗಳನ್ನು ಅಡಕಮಾಡಿ ಕಳುಹಿಸುವುದು ವಾಡಿಕೆ. ಕನ್ನಡದ ಮೂರು ಬೈಟುಗಳಲ್ಲಿ ಮೊದಲನೆಯದು ಯಾವಾಗಲೂ ಒಂದೇ. ಎರಡನೆಯದು ಎರಡೇ ಬಗೆಗಳಲ್ಲಿ ಯಾವುದೋ ಒಂದು. ಇಂಥ ಪುನರಾವೃತ್ತಿಯು ಅಡಕಕ್ಕೆ ಬಹು ಅನುಕೂಲ. ಆದುದರಿಂದ ಕನ್ನಡದ ಹೊರೆಯು ಅಡಕದಿಂದ ಬಹಳಮಟ್ಟಿಗೆ ಇಳಿಯುತ್ತದೆ. ಅಡಕವನ್ನು ಮರೆತ ಸರ್ವರುಗಳಲ್ಲಿ ಮಾತ್ರ ಅದು ಪೂರ್ತಿಯಾಗಿ ತಲೆಯ ಮೇಲೆ ಬೀಳುತ್ತದೆ. ಒಳಸೇರಿಕೆಯ ಮಾತನ್ನೆತ್ತುವ ಮುನ್ನ ಅಡಕವು ನಡೆಯುತ್ತಿದೆಯೇ ಎಂದು ನೋಡತಕ್ಕದ್ದು.

ಇದಕ್ಕಿಂತ ದೊಡ್ಡ ತೊಡಕು ಫಾಂಟಿನದು. ಕನ್ನಡದ ಒತ್ತಕ್ಷರಗಳಿಗೂ ಸ್ವರ ಕೂಡಿದ ರೂಪಗಳಿಗೂ ಪ್ರತ್ಯೇಕ ಅಚ್ಚುಗಳೂ, ಅವನ್ನು ಜೋಡಿಸುವ ನಿಯಮಗಳೂ ಫಾಂಟಿನ ಕಡತದಲ್ಲಿ ಇರಬೇಕಾದುದರಿಂದ ಅದು ಹಗುರವಾಗಿರುವುದಿಲ್ಲ. ಅಂದವಾದ ಅಕ್ಷರಗಳಿಗಾಗಿ ಪುಟದವರು ಫಾಂಟನ್ನು ಹೊರಗಿನಿಂದ ತರಿಸುತ್ತಾರೆ. ಬ್ರೌಸರಾದರೋ ಬರಹವನ್ನು ಓದಿ, ವಿನ್ಯಾಸಸೂತ್ರಗಳನ್ನು ಓದಿ, ಈ ಬರಹಕ್ಕೆ ಈ ಫಾಂಟ್ ಬೇಕೆಂಬುದು ನಿಶ್ಚಯವಾದ ಮೇಲಷ್ಟೇ ಅದನ್ನು ಕೇಳಲು ಹೊರಡುತ್ತದೆ. ಗೂಗಲ್ ಫಾಂಟ್ಸ್ ತಾಣದಿಂದ ತರಿಸುವಲ್ಲಿ ಸೂತ್ರಗಳು ಒಂದು ಸರ್ವರಿನಿಂದಲೂ ಫಾಂಟು ಇನ್ನೊಂದರಿಂದಲೂ ಬರುತ್ತವೆ. ಯಾತಾಯಾತಗಳ ಮಾಲೆಯು ಬೆಳೆಯುತ್ತದೆ. ಅನೇಕ ತಾಣಗಳು ಬಳಸುವ ಫಾಂಟಾದ್ದರಿಂದ ಓದುಗನ ಬಳಿ ಆಗಲೇ ಇದ್ದೀತೆಂಬ ಹಿಂದಿನ ಸಮಾಧಾನವೂ ಈಗ ಸಲ್ಲದು. ಒಂದು ತಾಣಕ್ಕಾಗಿ ತಂದಿಟ್ಟುದನ್ನು ಇನ್ನೊಂದಕ್ಕೆ ಕೊಡದಂತೆ ಕ್ರೋಮ್ ಬ್ರೌಸರ್ ೨೦೨೦ರಲ್ಲಿ ತನ್ನ ಸಂಗ್ರಹವನ್ನು ವಿಂಗಡಿಸಿತು.

ಇಲ್ಲಿ ಒಳಸೇರಿಕೆಯು ನಿಷ್ಫಲವಾಗುವ ಪ್ರಸಂಗವೊಂದುಂಟು. ನಿರ್ಣಾಯಕ ಸೂತ್ರಗಳೆಲ್ಲ ಬಂದಿವೆ. ಪುಟದ ಪಟ್ಟಿಗಳೂ ಗೆರೆಗಳೂ ಬಣ್ಣಗಳೂ ಥಟ್ಟನೆ ಕಾಣುತ್ತವೆ. ಅಕ್ಷರಗಳು ಮಾತ್ರ ಇಲ್ಲ. ಫಾಂಟ್ ಬರುವವರೆಗೆ ಬರಹವನ್ನು ಸುಮಾರು ಮೂರು ಸೆಕೆಂಡುಗಳವರೆಗೆ ಅದೃಶ್ಯವಾಗಿಡುವುದು ಹೆಚ್ಚಿನ ಬ್ರೌಸರುಗಳ ಸಹಜ ವರ್ತನೆ. ವೇಗವನ್ನು ಅಳೆಯುವ ಯಂತ್ರವು ಏನೋ ಕಂಡಿತೆಂದು ಒಳ್ಳೆಯ ಅಂಕವನ್ನು ಕೊಟ್ಟೀತು. ಓದುಗನು ಕಂಡುದು ಬರಿಯ ಚೌಕಟ್ಟು. ಇದಕ್ಕೆ ಪರಿಹಾರವಾಗಿ ಫಾಂಟ್-ಡಿಸ್‌ಪ್ಲೇ ಎಂಬ ಸೂತ್ರವಿದೆ. ಅದರಲ್ಲಿ ಸ್ವಾಪ್ ಎಂದು ಬರೆದರೆ ಉಪಕರಣದಲ್ಲಿರುವ ಕನ್ನಡ ಅಕ್ಷರಗಳಿಂದಲೇ ಬರಹವು ಮೊದಲು ಕಾಣಿಸಿಕೊಂಡು, ಫಾಂಟ್ ಬಂದ ಮೇಲೆ ಬದಲಾಗುತ್ತದೆ. ಒತ್ತುಗಳ ಇಳಿತವೂ ಅಕ್ಷರಗಳ ಅಗಲವೂ ಫಾಂಟಿನಿಂದ ಫಾಂಟಿಗೆ ಭಿನ್ನವಾದುದರಿಂದ, ಬದಲಾವಣೆಯ ಕ್ಷಣದಲ್ಲಿ ಸಾಲುಗಳು ಮುರಿದು ಸರಿದಾಡುವುದುಂಟು. ಪದ್ಯಗಳಲ್ಲಿ ಇದು ಎದ್ದುಕಾಣುವ ದೋಷ. ಆದರೂ ಸರಿದಾಡುವ ಪದ್ಯವನ್ನು ಓದಬಹುದು, ಕಾಣದ ಪದ್ಯವನ್ನು ಓದಲಾಗದು. ಫಾಂಟನ್ನೇ ಬೈಟುಗಳಾಗಿ ಬಿಡಿಸಿ ಸೂತ್ರಗಳೊಳಗೆ ಅಡಗಿಸಿಡುವ ಅಭ್ಯಾಸವೊಂದು ಅಲ್ಲಲ್ಲಿ ಕಾಣುತ್ತದೆ. ಇದರಿಂದ ಫಾಂಟಿನ ಗಾತ್ರವು ಮೂರನೆಯೊಂದಂಶದಷ್ಟು ಹೆಚ್ಚುವುದಲ್ಲದೆ, ಅದು ಪೂರ್ತಿ ಬಂದು ಮುಗಿಯುವವರೆಗೆ ಪುಟವೇ ನಿಲ್ಲುತ್ತದೆ. ಇದು ಸರ್ವಥಾ ತ್ಯಾಜ್ಯ.

ಒಳಸೇರಿಕೆಯು ತಾತ್ಕಾಲಿಕವಾದ ಉಪಾಯವೆಂದೂ ಹೊಸ ಸಂಪರ್ಕವಿಧಾನಗಳು ಬಂದರೆ ಅದು ಅನಾವಶ್ಯಕವಾಗುವುದೆಂದೂ ಕೆಲವರು ಹೇಳುತ್ತಿದ್ದರು. ೨೦೧೫ರಲ್ಲಿ ಅಂಗೀಕೃತವಾದ ಎಚ್‌ಟಿಟಿಪಿ-೨ ವಿಧಾನದಲ್ಲಿ ಓದುಗನು ಕೇಳುವ ಮೊದಲೇ ಸರ್ವರ್ ತಾನಾಗಿ ವಿನ್ಯಾಸದ ಕಡತವನ್ನು ತಳ್ಳಿಕೊಡುವ ಅವಕಾಶವಿತ್ತು. ಓದುಗನ ಬಳಿ ಆಗಲೇ ಇರುವುದನ್ನು ಮತ್ತೆ ತಳ್ಳುವ ದೋಷವು ಅದಕ್ಕೆ ಅಂಟಿಕೊಂಡಿತು, ಬಳಸಿದವರು ಕೆಲವರೇ, ೨೦೨೨ರಲ್ಲಿ ಕ್ರೋಮ್ ಅದನ್ನು ಕೈಬಿಟ್ಟಿತು. ಅದೇ ವರ್ಷ ಕ್ರೋಮ್ ಅಳವಡಿಸಿಕೊಂಡ ಮುನ್ಸೂಚನೆಯ ಕ್ರಮದಲ್ಲಿ, ಸರ್ವರ್ ಪುಟವನ್ನು ಸಿದ್ಧಪಡಿಸುತ್ತಿರುವಾಗಲೇ ಈ ಈ ಕಡತಗಳು ಬೇಕಾಗುತ್ತವೆಂದು ತಿಳಿಸಿಬಿಡುತ್ತದೆ. ಬೇಕೋ ಬೇಡವೋ ಎಂಬುದನ್ನು ಬ್ರೌಸರ್ ನಿರ್ಧರಿಸುತ್ತದೆ. ೨೦೨೨ರ ಎಚ್‌ಟಿಟಿಪಿ-೩ರಲ್ಲಿ ಸಂಪರ್ಕಕ್ಕೂ ಗೂಢಲಿಪಿಗೂ ಒಂದೇ ಯಾತಾಯಾತವು ಸಾಕು. ಇವುಗಳಿಂದ ಒಳಸೇರಿಕೆಯ ಲಾಭವು ಕುಗ್ಗಿದೆಯೇ ಹೊರತು ಅಳಿದಿಲ್ಲ. ಸಿದ್ಧವಾಗಿಯೇ ಇರುವ ಪುಟವನ್ನು ಕೊಡುವ ಸರ್ವರಿನಲ್ಲಿ ಮುನ್ಸೂಚನೆಗೆ ಸಿಕ್ಕುವ ಬಿಡುವು ಅತ್ಯಲ್ಪ.

ಕಾವ್ಯಭಾಗವೊಂದನ್ನೋ ವ್ಯಾಖ್ಯಾನವೊಂದನ್ನೋ ಕೊಡುವ ಪುಟಕ್ಕೆ ಬೇಕಾದ ಸೂತ್ರಗಳು ವಾಸ್ತವವಾಗಿ ಎಷ್ಟು? ಅಕ್ಷರದ ಗಾತ್ರ, ಸಾಲುಗಳ ಎಡೆ, ಅಂಚು, ಪದ್ಯದ ಒಳಸರಿತ, ಪದ್ಯಸಂಖ್ಯೆಯ ಸ್ಥಾನ, ಪಾಠಾಂತರಗಳ ಚಿಕ್ಕ ಅಕ್ಷರ. ಇವೆಲ್ಲ ಸೇರಿದರೆ ಎರಡು ಮೂರು ಕಿಲೋಬೈಟುಗಳನ್ನು ಮೀರುವಂತಿಲ್ಲ. ಇಂಥಲ್ಲಿ ನಿರ್ಣಾಯಕವಾವುದು, ಅಲ್ಲದುದಾವುದು ಎಂಬ ವಿಂಗಡಣೆಯೇ ಬೇಡ. ಎಲ್ಲವನ್ನೂ ಒಳಸೇರಿಸಿ ಹೊರಗಿನ ಕಡತವನ್ನೇ ಇಲ್ಲವಾಗಿಸಬಹುದು. ಆಗ ಕ್ರಮಭಂಗದ ಭಯವೂ ಇಲ್ಲ, ಹಿಂದಿನಿಂದ ತರಿಸುವ ಕಪಟವೂ ಇಲ್ಲ. ಒಂದು ಪದ್ಯವನ್ನು ಹುಡುಕಿಕೊಂಡು ಬಂದ ವಿದ್ಯಾರ್ಥಿಯು ಎರಡು ಪುಟಗಳನ್ನು ನೋಡಿದರೂ ಪುನರುಕ್ತಿಯ ಹೊರೆಯು ಗಣನೆಗೆ ಬಾರದು. ನಿಘಂಟಿನ ತಾಣದ ಸ್ಥಿತಿಯು ಇದಕ್ಕೆ ವಿಲೋಮವಾದುದು. ಸಂಶೋಧಕನು ಒಂದು ಗಂಟೆಯಲ್ಲಿ ನಲವತ್ತು ಶಬ್ದಗಳನ್ನು ನೋಡಿಯಾನು. ಒಂದೊಂದು ಶಬ್ದದ ಪುಟವೂ ಚಿಕ್ಕದು, ಶೋಧಪಟ್ಟಿ ವರ್ಗಸೂಚಿಗಳ ಸೂತ್ರಗಳು ದೊಡ್ಡವು. ಅಲ್ಲಿ ಹೊರಗಿನ ಕಡತವೇ ಯುಕ್ತ. ಹೊಸದಾಗಿ ಬಂದವನ ಮೊದಲ ಪುಟಕ್ಕೆ ಮಾತ್ರ ಸೂತ್ರಗಳನ್ನು ಒಳಸೇರಿಸಿ ಕೊಟ್ಟು, ಎರಡನೆಯ ಶಬ್ದದಿಂದ ಕೊಂಡಿಯನ್ನು ಕೊಡುವ ಸೌಡರ್ಸ್ ಅವರ ಮಧ್ಯಮಮಾರ್ಗಕ್ಕೆ ನಿಘಂಟಿನ ತಾಣದಷ್ಟು ಒಪ್ಪುವ ಸ್ಥಳವು ಬೇರೆ ಸಿಗುವುದು ಕಷ್ಟ.